ಮೋಟಾರಿಗೆ ಕಟ್ಟಿದ ನೆಲುವು

ಅದು 1926ರ ಬೇಸಿಗೆ. ಖಾನಾಪುರದಿಂದ ಬೆಳಗಾವಿಗೆ ಹೊಸದಾಗಿ ಶುರುವಾಗಿದ್ದ ಮೋಟಾರ್ ಸರ್ವಿಸ್‌ನಲ್ಲಿ ನಾನು ಡ್ರೈವರ್. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಎಂಜಿನ್ ಗುಡುಗಿಸಿದರೆ ಅರ್ಧ ಪೇಟೆ ನೋಡಲು ಬರುತ್ತಿತ್ತು. ಹತ್ತುವವರು ಮಾತ್ರ ಬೆರಳೆಣಿಕೆಯ ಮಂದಿ. ಖಾಕಿ ಕೋಟು ತೊಟ್ಟು ಸ್ಟಿಯರಿಂಗ್ ಹಿಡಿದರೆ ನನಗೆ ನಾನೇ ಸಾಹೇಬ. ಆ ವಯಸ್ಸಿನ ಠೇಂಕಾರ ನೆನೆದರೆ ಈಗಲೂ ನಗು ಬರುತ್ತದೆ.

ಗುಂಜಿಯ ಕಾಡಂಚಿನಲ್ಲಿ ಎಮ್ಮೆ ಸಾಕಿಕೊಂಡಿದ್ದ ಗೌಳಿಗರು ಮಾತ್ರ ನನ್ನ ಗಾಡಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಅವರ ಬೆಣ್ಣೆ ವಾರಕ್ಕೊಮ್ಮೆ ರಾತ್ರಿಯ ತಂಪಿನಲ್ಲಿ ಎತ್ತಿನ ಚಕ್ಕಡಿಯೇರಿ, ಬಿಸಿಲು ಬರುವ ಮೊದಲೇ ಬೆಳಗಾವಿ ಸೇರುತ್ತಿತ್ತು. ಒಯ್ಯುವ ಜವಾಬ್ದಾರಿ ಭಾಗೂಬಾಯಿಯದು. ತನ್ನ ಕೇರಿಯ ಎಲ್ಲ ಮನೆಗಳ ಬೆಣ್ಣೆ ಮಾರಿ, ಎಲ್ಲರಿಗೂ ವಾರದ ಅಕ್ಕಿ, ಉಪ್ಪು, ಎಣ್ಣೆ ತರುವವಳು ಆಕೆಯೇ. ಬೆಳಗಾವಿಯ ವ್ಯಾಪಾರಿಯೋ ಗಟ್ಟಿ ಬೆಣ್ಣೆಯ ಹೊರತು ಬೇರೆಯದನ್ನು ಮುಟ್ಟುವವನಲ್ಲ. ಬೆಣ್ಣೆ ಕರಗಿದರೆ ಅಷ್ಟೂ ಮನೆಗಳ ಒಲೆಗೆ ಆ ವಾರ ಕಷ್ಟ.

ಒಂದು ರಾತ್ರಿ ಖಾನಾಪುರದ ಹತ್ತಿರ ಚಕ್ಕಡಿಯ ಅಚ್ಚು ಮುರಿಯಿತು. ಬೆಳಗಾಗಿ ಬಿಸಿಲೇರಿದ ಮೇಲೆ ಭಾಗೂಬಾಯಿ ಬೆಣ್ಣೆಯ ಗಡಿಗೆಗಳನ್ನು ಹೊರಿಸಿಕೊಂಡು ಮೋಟಾರ್ ನಿಲ್ಲುವಲ್ಲಿಗೆ ಬಂದಳು. ಜೊತೆಗೆ ಚಕ್ಕಡಿಯ ಯಲ್ಲಪ್ಪ. ನನ್ನ ಗಾಡಿಗೆ ‘ತಗಡಿನ ಎಮ್ಮಿ’ ಅಂತ ಹೆಸರಿಟ್ಟ ಮಹಾನುಭಾವ ಇವನೇ!

"ಡ್ರೈವರ್ ಸಾಹೇಬ್ರ, ಸಾವಕಾಶ ಹೊಡೀರಿ. ನಮ್ಮ ಕೇರಿ ಮಂದಿ ಊಟ ಐತಿ ಇದರಾಗ," ಎಂದಳು ಭಾಗೂಬಾಯಿ.

ಗಡಿಗೆಗಳನ್ನು ಯಲ್ಲಪ್ಪ ತಾನೇ ಒಳಗಿಟ್ಟ, ಅದೂ ನನ್ನ ಸೀಟಿನ ಬಾಜೂಗೆ. ಚಕ್ಕಡಿಯ ಪದ್ಧತಿಯೇ ಹಾಗೆ. ನಾಜೂಕಾದ ಸರಕೆಲ್ಲ ಮುಂದೆ, ಹೊಡೆಯುವವನ ಕೈಗೆ ಸಿಗುವಂತೆ ಇರಬೇಕು. ಹಿಂದೆ ಇಟ್ಟರೆ ಕುಲುಕಿ ಒಡೆಯುತ್ತದೆ. ಹತ್ತಿದವರೆಲ್ಲ ಅದೇ ಸರಿ ಎಂದರು. ಎತ್ತಿನ ಗಾಡಿಯ ಮುಂದೆ ಎತ್ತಿರುತ್ತದೆ, ಮೋಟಾರಿನ ಮುಂದೆ ಒಲೆಯೇ ಇರುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ದೇಸೂರಿನ ಕಡೆಯ ಏರು ಹತ್ತುವಾಗ ರೇಡಿಯೇಟರ್ ಕುದಿಯಿತು. ಎಂಜಿನ್ನನ್ನು ತಂಪಾಗಿಡುವ ನೀರಿನ ಡಬ್ಬಿಯೇ ರೇಡಿಯೇಟರ್. ಅದು ಬುಸ್ಸೆಂದು ಹಬೆ ಉಗುಳಿದಾಗ ಗಾಡಿ ನಿಲ್ಲಿಸಲೇಬೇಕಾಯಿತು. ಭಾಗೂಬಾಯಿ ಗಡಿಗೆಯ ಬಾಯಿಗೆ ಕಟ್ಟಿದ್ದ ಎಲೆ ಸರಿಸಿ ಬೆರಳಿಟ್ಟಳು. ಬೆರಳು ಇಳಿದೇ ಹೋಯಿತು.

"ಅಯ್ಯ ದೇವರ, ಕರಗಾಕತ್ತೈತಿ!"

ಪಕ್ಕದ ಹೊಲದಲ್ಲಿ ಬಾವಿಯೇನೋ ಇತ್ತು. ಆದರೆ ಗಾಡಿಯಲ್ಲಿದ್ದ ಕೊಡ ಒಂದೇ, ಸೇದುವ ಹಗ್ಗ ಒಂದೇ. ಕೋರ್ಟಿನ ಕೆಲಸಕ್ಕೆ ಹೊರಟಿದ್ದ ಕರಿಕೋಟಿನ ದೊಡ್ಡಮನುಷ್ಯರು ಗಡಿಯಾರ ತೆಗೆದು, "ಮೊದಲ ಎಂಜಿನ್ನಿಗೆ ನೀರ ಹಾಕ್ರಿ, ಹೊತ್ತಾತು," ಎಂದು ಗದರಿದರು.

ಯಲ್ಲಪ್ಪ ಕೊಡ ಬಿಡಲಿಲ್ಲ. "ಎಂಜಿನ್ ಕರಗೂದಿಲ್ರಿ ಸಾಹೇಬ್ರ, ಬೆಣ್ಣಿ ಕರಗತೈತಿ!"

ಗೊಳ್ಳೆಂದು ನಕ್ಕರು ಎಲ್ಲರೂ. ದೊಡ್ಡಮನುಷ್ಯರೂ ನಕ್ಕು, ಕರಿಕೋಟು ಬಿಚ್ಚಿ, ತಾವೇ ಹಗ್ಗ ಜಗ್ಗಲು ನಿಂತರು. ಕೊಡ ಕೈಯಿಂದ ಕೈಗೆ ಓಡಿತು. ಒಂದು ಗಡಿಗೆಗೆ, ಒಂದು ರೇಡಿಯೇಟರಿಗೆ. ನೆರಳಿಗಿಟ್ಟು ನೀರು ಸುರಿದ ಗಡಿಗೆಗಳಲ್ಲಿ ಬೆಣ್ಣೆ ಮೆಲ್ಲಗೆ ಗಟ್ಟಿಯಾಗತೊಡಗಿತು. ಆದರೆ ಮತ್ತೆ ಹೊರಟರೆ ಮತ್ತದೇ ಕಥೆಯಲ್ಲವೇ?

ಆಗ ನನ್ನ ಕಣ್ಣು ಗಾಡಿಗೆ ನೇತುಹಾಕಿದ್ದ ಕ್ಯಾನ್ವಾಸ್ ಚೀಲದ ಮೇಲೆ ಬಿತ್ತು. ಅದು ನಾವು ಡ್ರೈವರ್‌ಗಳು ಕುಡಿಯುವ ನೀರು ತುಂಬಿಡುವ ಚೀಲ. ಅದರ ಮೈ ಒದ್ದೆಯಾಗಿರುತ್ತದೆ, ಓಡುವ ಗಾಳಿ ತಾಗುತ್ತದೆ, ಎಂಥ ಬಿಸಿಲಿಗೂ ನೀರು ತಣ್ಣಗೇ ಇರುತ್ತದೆ. ನೀರಿಗಾಗುವುದು ಬೆಣ್ಣೆಗೆ ಯಾಕಾಗಬಾರದು? ಕುಣಿದಾಡುವಷ್ಟು ಖುಷಿಯಾಯಿತು ನನಗೆ.

"ಗೋಣಿ ತರ್ರಿ! ತೋಯಿಸಿ ಸುತ್ರಿ! ಹಿಂದ ಗಾಳ್ಯಾಗ ತೂಗಹಾಕೂಣು!"

"ತೂಗಹಾಕೂದು ನನಗ ಬಿಡ್ರಿ," ಎಂದಳು ಭಾಗೂಬಾಯಿ. ಮನೆಯ ತೊಲೆಗೆ ಬೆಣ್ಣೆ ಗಡಿಗೆ ತೂಗಿಸುವ ನೆಲುವು ಗೊತ್ತಲ್ಲ, ಯಲ್ಲಪ್ಪ ಮುರಿದ ಚಕ್ಕಡಿಯಿಂದ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದಿದ್ದ ಹಗ್ಗದಿಂದ ಅಂಥ ನೆಲುವುಗಳನ್ನು ಚಕಚಕನೆ ಹೆಣೆದು, ಗಾಡಿಯ ಹಿಂದಿನ ಚಾವಣಿಯ ಸರಳಿಗೆ ಬಿಗಿದಳು. ಇಂಥ ಚಂದದ ಮೋಟಾರು ಆ ಜಿಲ್ಲೆಯಲ್ಲೇ ಇರಲಿಲ್ಲ.

"ಈಗ ಗಾಳಿ ಬೇಕ ಬಾಯಾರ. ಗಾಳಿ ಬೇಕಂದ್ರ ಓಡಬೇಕು," ಎಂದೆ.

ಸಾವಕಾಶ ಹೊಡೆಯಿರಿ ಎಂದಿದ್ದ ಅದೇ ಹೆಣ್ಣುಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾರ ಹೊಡೀರಿ! ಜೋರ ಹೊಡೀರಿ!"

ಹೊಡೆದೆ ನೋಡಿ! ಹಾರ್ನಿನ ರಬ್ಬರ್ ಚೆಂಡು ಹಿಂಡಿ ಹಿಂಡಿ ಕೈ ಸೋತಿತು. ಹಿಂದಿನವರು ಕೊಡದ ನೀರನ್ನು ಗೋಣಿಗೆ ಚಿಮುಕಿಸುತ್ತಿದ್ದರು, ಅರ್ಧ ಅವರ ಮೈಮೇಲೆಯೇ ಬೀಳುತ್ತಿತ್ತು. ಎದುರಿನ ಚಕ್ಕಡಿಯವರಿಗೆ ಯಲ್ಲಪ್ಪ, "ಬಾಜೂಕ ಸರೀರಿ, ಬೆಣ್ಣಿ ಬಂತು!" ಎಂದು ಕೂಗುತ್ತಿದ್ದ. ಅಷ್ಟು ವರ್ಷದ ಸರ್ವಿಸ್‌ನಲ್ಲಿ ಅಂಥ ಹುರುಪು ನಾನು ಮತ್ತೆ ಕಾಣಲಿಲ್ಲ.

ಬೆಳಗಾವಿಯಲ್ಲಿ ಇಳಿದವರು ಯಾರೂ ತಮ್ಮ ದಾರಿ ಹಿಡಿಯಲಿಲ್ಲ, ಹೊತ್ತಾಯಿತು ಎಂದಿದ್ದ ದೊಡ್ಡಮನುಷ್ಯರೂ ಕೂಡ. ಎಲ್ಲರೂ ಬೆಣ್ಣೆಯ ಹಿಂದೆಯೇ ವ್ಯಾಪಾರಿಯ ಅಂಗಡಿಗೆ ಬಂದು ಸುತ್ತುವರಿದು ನಿಂತೆವು. ವ್ಯಾಪಾರಿ ಒಂದೊಂದೇ ಗಡಿಗೆಗೆ ಬೆರಳು ಒತ್ತಿದ. ಮೊದಲು ಎಂಜಿನ್ನಿಗೆ ತೀರ ಹತ್ತಿರವಿದ್ದ ಒಂದನ್ನು ಬದಿಗೆ ಸರಿಸಿದ. ಉಳಿದವುಗಳಲ್ಲಿ ಬೆರಳಿನ ಗುರುತು ಒತ್ತಿದಂತೆಯೇ ನಿಂತಿತು.

"ಗಟ್ಟಿ ಅದ. ತೂಕಕ್ಕ ಇಡ್ರಿ."

ನಾವು ಹೋ ಎಂದು ಕೂಗಿದ್ದಕ್ಕೆ ಬೀದಿಯವರು ಏನಾಯಿತೆಂದು ಓಡಿ ಬಂದರು. ಭಾಗೂಬಾಯಿ ಬದಿಗಿಟ್ಟ ಗಡಿಗೆಯನ್ನು ಎತ್ತಿಕೊಂಡು, "ಇದನ್ನ ಮನಿಯಾಗ ತುಪ್ಪಾ ಕಾಸ್ತೇನಿ ಬಿಡ್ರಿ," ಎಂದು ಕಣ್ಣೊರೆಸಿಕೊಂಡು ನಕ್ಕಳು.

ಮುಂದಿನ ವಾರ ಗೌಳಿಗರು ತಮ್ಮ ನೆಲುವುಗಳನ್ನು ತಾವೇ ಹೆಣೆದು ತಂದಿದ್ದರು. ನಾನು ಕಮ್ಮಾರನಿಂದ ಗಾಡಿಯ ಹಿಂದೆ ಕೊಕ್ಕೆ ಹಾಕಿಸಿದೆ. ಬೆಣ್ಣೆಯ ಜೊತೆ ಮೊಸರು, ವೀಳ್ಯದೆಲೆ, ಹೂವಿನ ಬುಟ್ಟಿಗಳೂ ತೂಗತೊಡಗಿದವು. ನನ್ನ ಗಾಡಿ ಓಡುವ ತೊಟ್ಟಿಲಾಯಿತು, ಸೀಟುಗಳೂ ತುಂಬಿದವು. ಎಂಜಿನ್ ಓಡಿಸಲು ಯಾರು ಬೇಕಾದರೂ ಕಲಿಸಬಹುದು; ಗಾಡಿ ಯಾರ ಬದುಕನ್ನು ಹೊತ್ತಿದೆ ಎಂದು ತಿರುಗಿ ನೋಡುವುದನ್ನು ನನಗೆ ಕಲಿಸಿದ್ದು ಆ ಬಾವಿಯ ಕಟ್ಟೆ.

ಆಮೇಲೆ ಗುಂಡಿ ಕಂಡು ನಾನು ವೇಗ ತಗ್ಗಿಸಿದರೆ ಸಾಕು, ಹಿಂದಿನಿಂದ ಭಾಗೂಬಾಯಿಯ ದನಿ ಕೇಳುತ್ತಿತ್ತು: "ಸಾವಕಾಶ ಯಾಕ್ರಿ ಸಾಹೇಬ್ರ? ಬೆಣ್ಣಿ ಐತಿ!"