ಮುಖ ಮುಚ್ಚಿಕೊಂಡು ಹಾಲೂಡಿದ ದಿನಗಳು

ಎರಡು ವರ್ಷದ ಹಿಂದಿನ ಮಾತು. ನಮ್ಮ ಮಲ್ಲಂದೂರಿನಲ್ಲಿ ಕಾಫಿ ಕೊಯ್ಲು ನಡೆಯುತ್ತಿತ್ತು. ನನ್ನ ಮಗಳಿಗೆ ಆಗ ಮೂರು ತಿಂಗಳು. ಹೆರಿಗೆಯಾಗಿ ಸ್ವಲ್ಪ ದಿನಕ್ಕೇ ನನಗೆ ಕೆಮ್ಮು ಹಿಡಿದಿತ್ತು. ಬಾಣಂತಿಗೆ ಶೀತವಾಗಿದೆ ಎಂದು ಅತ್ತೆ ಮೆಣಸಿನ ಕಷಾಯ ಮಾಡಿಕೊಡುತ್ತಿದ್ದರು. ಸಂಜೆಯಾದರೆ ಮೈ ಸುಡುತ್ತಿತ್ತು. ಬೆಳಿಗ್ಗೆ ಏಳುವಾಗ ರವಿಕೆಯೆಲ್ಲ ಬೆವರಿನಿಂದ ಒದ್ದೆ. ಹಾಲು ಕುಡಿಸುವವಳು ಸೊರಗುವುದು ಸಹಜ ಎಂದುಕೊಂಡಿದ್ದೆ.

ಒಂದು ದಿನ ಬೆಳಿಗ್ಗೆ ಹಾಲು ಕುಡಿಸುತ್ತಿದ್ದಾಗ ಕೆಮ್ಮು ಒತ್ತರಿಸಿ ಬಂತು. ಕೈಗೆ ಸಿಕ್ಕಿದ ಮಗುವಿನ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡೆ. ತೆಗೆದು ನೋಡಿದರೆ ರಕ್ತ.

ನನ್ನ ಗಂಡ ರಮೇಶ್ ಅಂದೇ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರು. ಎಕ್ಸ್‌ರೇ ಆಯಿತು, ಕಫದ ಪರೀಕ್ಷೆ ಆಯಿತು. ಡಾಕ್ಟರಮ್ಮ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, "ಹೆದರ್ಬೇಡಿ. ಟಿ.ಬಿ. ಇದೆ, ಗುಣ ಆಗುತ್ತೆ" ಎಂದರು.

ನನಗೆ ನನ್ನ ಯೋಚನೆಯೇ ಬರಲಿಲ್ಲ. ಇಷ್ಟು ದಿನ ಮಗುವನ್ನು ಎದೆಗವಚಿಕೊಂಡೇ ಕೆಮ್ಮಿದ್ದೆನಲ್ಲ!

"ಮಗೂಗೂ ಬಂದಿರುತ್ತಾ ಮೇಡಂ?"

"ಪರೀಕ್ಷೆ ಮಾಡಿದ್ಮೇಲೆ ಹೇಳ್ತೀನಿ."

ಅಷ್ಟು ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ನುಂಗಿಬಿಡುತ್ತವೆ. ಅದಕ್ಕೆ ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಇಳಿಸಿ ನುಂಗಿದ ಕಫವನ್ನು ಪರೀಕ್ಷೆಗೆ ತೆಗೆದರು. ಅವಳು ಕಿರುಚಿಕೊಂಡದ್ದು ಹೊರಗೆ ಕುಳಿತಿದ್ದ ನನಗೆ ಕೇಳಿಸುತ್ತಿತ್ತು.

ವರದಿ ಬರುವ ಮೊದಲೇ ಮನೆಯಲ್ಲಿ ಗಲಾಟೆ ಶುರುವಾಯಿತು. ಅತ್ತೆ ಮಗುವಿನ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದರು.

"ಕಳಸಕ್ಕೆ ಮಗಳ ಮನೆಗೆ ಕರ್ಕೊಂಡೋಗ್ತೀನಿ. ಡಬ್ಬಿ ಹಾಲು ಕುಡಿಸಿದ್ರಾಯ್ತು. ನಿನ್ನ ಹತ್ರ ಇದ್ರೆ ಮಗು ಉಳಿಯುತ್ತಾ?"

ಬೇಡ ಎನ್ನಲು ನನಗೆ ಧೈರ್ಯ ಬರಲಿಲ್ಲ. ಅವರು ಹೇಳುವುದೇ ಸರಿ ಇದ್ದರೆ?

ರಮೇಶ್ ಡಾಕ್ಟರಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. "ಅಮ್ಮಾ, ಇದು ಹಾಲಿನಿಂದ ಹರಡಲ್ಲ, ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತೆ" ಎಂದರು ಅವರು. "ಮಾಸ್ಕ್ ಹಾಕ್ಕೊಂಡು ಹಾಲು ಕೊಡ್ಲಿ. ಕಿಟಕಿ ತೆಗೆದಿಡಿ. ಮಾತ್ರೆ ತಗೊಳ್ತಾ ಹೋದ್ರೆ ಹರಡೋದು ಬೇಗ ಕಮ್ಮಿ ಆಗುತ್ತೆ."

"ನಮ್ಮ ಮನೇಲಿ ಯಾರಿಗೂ ಇಲ್ಲ. ಇವಳಿಗೆ ಎಲ್ಲಿಂದ ಬಂತು?" ಎಂದು ಅತ್ತೆ ಕೇಳಿದರು.

"ಅದು ಹೇಳಕ್ಕಾಗಲ್ಲಮ್ಮ. ರೋಗಾಣು ವರ್ಷಗಟ್ಟಲೆ ಮೈಯೊಳಗೆ ಸುಮ್ನೆ ಮಲಗಿರಬಹುದು. ಬಸುರಿ, ಬಾಣಂತಿ ಅಂತ ಮೈ ಸೋತಾಗ ಏಳುತ್ತೆ. ನೀವೆಲ್ಲರೂ ಒಂದ್ಸಲ ಬಂದು ಎಕ್ಸ್‌ರೇ ಮಾಡಿಸ್ಕೊಳ್ಳಿ."

ಅತ್ತೆ ಬ್ಯಾಗ್ ಅಲ್ಲೇ ಬಿಟ್ಟು, ಆಸ್ಪತ್ರೆಯಿಂದ ತಂದಿದ್ದ ಮಾಸ್ಕಿನ ದಾರವನ್ನು ತಾವೇ ನನ್ನ ತಲೆಯ ಹಿಂದೆ ಬಿಗಿಯಾಗಿ ಕಟ್ಟಿ, ಮಗುವನ್ನು ನನ್ನ ಮಡಿಲಿಗಿಟ್ಟರು. "ಕುಡಿಸು ಮಾರಾಯ್ತಿ, ಆವಾಗಿಂದ ಅಳ್ತಿದೆ."

ಮಗುವಿನ ವರದಿಯಲ್ಲಿ ಏನೂ ಇರಲಿಲ್ಲ. ಮನೆಯವರ ಎಕ್ಸ್‌ರೇಗಳೂ ಸರಿಯಿದ್ದವು. ಆದರೂ ರೋಗ ಬಾರದಂತೆ ಮಗುವಿಗೆ ದಿನಾ ಔಷಧಿ ಹಾಕಲು ಹೇಳಿದರು. ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಅವಳು ಸೀನಿದರೂ ಹಣೆ ಮುಟ್ಟಿ ನೋಡುತ್ತಿದ್ದೆ. ಮಾತ್ರೆ ಶುರು ಮಾಡಿದ ಮೇಲೆ ಮೂತ್ರ ಕೆಂಪಗೆ ಹೋದಾಗ ನನ್ನ ಕಥೆ ಮುಗಿಯಿತು ಎಂದೇ ಅತ್ತಿದ್ದೆ. ಅದು ಮಾತ್ರೆಯ ಬಣ್ಣವಂತೆ! ಕೆಮ್ಮು ನಿಂತು ಹಸಿವು ಬಂದಾಗ, ಇನ್ನು ಈ ಮಾತ್ರೆ ಸಾಕು ಅನಿಸಿದ್ದೂ ಉಂಟು. "ಮಧ್ಯದಲ್ಲಿ ಬಿಟ್ರೆ ಅದೇ ರೋಗ ಮಾತ್ರೆಗೂ ಬಗ್ಗದ ಹಾಗೆ ಬಲಿಯುತ್ತೆ" ಎಂದು ಡಾಕ್ಟರಮ್ಮ ಗದರಿದ್ದರಿಂದ ಆರು ತಿಂಗಳೂ ತಪ್ಪದೆ ನುಂಗಿದೆ.

ಅದರ ನಡುವೆ, ಮೊದಲ ಎರಡು ತಿಂಗಳ ಮಾತ್ರೆ ಮುಗಿದ ಮೇಲೆ ಮತ್ತೆ ಕಫ ಪರೀಕ್ಷೆ ಮಾಡಿದರು. ರೋಗಾಣು ಕಾಣಲಿಲ್ಲ. "ಇನ್ನು ಮಾಸ್ಕ್ ತೆಗೀಬಹುದು" ಎಂದರು.

ಮನೆಗೆ ಬಂದವಳೇ ಮಾಸ್ಕ್ ಕಿತ್ತು ಮಗಳನ್ನು ಎತ್ತಿಕೊಂಡು ನಕ್ಕೆ. ಅವಳು ನನ್ನ ಮೂಗು, ಬಾಯಿ ನೋಡಿದಳು. ತುಟಿ ಉಬ್ಬಿತು. ಯಾರೋ ಹೊಸಬರು ಎತ್ತಿಕೊಂಡ ಹಾಗೆ ಜೋರಾಗಿ ಅಳುತ್ತಾ ಅತ್ತೆಯ ಕಡೆ ವಾಲಿದಳು. ಅಷ್ಟು ದಿನ ಅವಳು ಕಂಡಿದ್ದು ನನ್ನ ಕಣ್ಣುಗಳನ್ನು ಮಾತ್ರ.

"ಕಂದಾ, ನಾನು ಕಣೇ, ಅಮ್ಮ" ಎಂದೆ. ದನಿ ಕೇಳಿ ಅಳು ನಿಂತಿತು. ನಿಧಾನವಾಗಿ ಕೈ ಚಾಚಿ ನನ್ನ ತುಟಿ ಮುಟ್ಟಿದಳು. ಕಾಯಿಲೆಯ ಸಂಕಟವೆಲ್ಲ ಈಗ ಮಸುಕಾಗಿದೆ. ಆ ಪುಟ್ಟ ಬೆರಳುಗಳು ನನ್ನ ಮುಖವನ್ನು ಹೊಸದಾಗಿ ಗುರುತು ಹಿಡಿದ ಆ ಗಳಿಗೆ ಮಾತ್ರ ಇಂದಿಗೂ ಮಾಸಿಲ್ಲ.