ಎಡಕ್ಕೆ ಎಳೆಯುವ ಲಾರಿ

ಕಂಪ್ಯೂಟರ್ ಪರದೆಯ ಮೇಲೆ ನನ್ನ ಲಾರಿ ಎಡಕ್ಕೆ ಎಳೆಯತೊಡಗಿದಾಗ ಮೊದಲು ನಾನು ಬೈದದ್ದು ಲಾರಿಗೆ. ಆಮೇಲೆ ರಸ್ತೆ ಮಾಡಿದವನಿಗೆ. ಮೂರನೆಯ ಸಲ ಅದು ಅದೇ ಎಡಗಡೆಯ ತಗ್ಗಿಗೆ ಇಳಿದಾಗ ಬೈಯಲು ಬಾಯಿ ಬರಲಿಲ್ಲ, ಕಣ್ಣು ನನ್ನ ಕೈಯ ಕಡೆ ಹೋಯಿತು. ಈ ಆಟದಲ್ಲಿ ಲಾರಿಯನ್ನು ತಿರುಗಿಸುವುದು ಗೇಮ್‌ಪ್ಯಾಡಿನ ಎಡಗಡೆ ಇರುವ ಪುಟ್ಟ ಕೋಲು. ಆ ಕೋಲಿನ ಮೇಲೆ ಇದ್ದದ್ದು ನನ್ನ ಎಡಗೈ ಹೆಬ್ಬೆರಳು.

ನಾನು ಎಡಚಿ. ಕೂಡ್ಲಿಗಿಯ ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಹಸುಗೂಸುಗಳ ನರ ಯಾರಿಗೂ ಸಿಗದಿದ್ದರೆ ನನ್ನನ್ನು ಕರೆಯುತ್ತಾರೆ, ಅದರ ಜಂಬ ನನಗೆ ಬೇಕಾದಷ್ಟಿದೆ. ಅವ್ವನೂ ಎಡಚಿಯೇ. ಇಟ್ಟಿಗಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಅವಳ ಎಡ ಹೆಬ್ಬೆರಳು ನಡುಗಲು ಶುರುವಾಗಿ ಗಂಟುಗಳು ಸಡಿಲಾದವು, ಮಾಲೆಯಿಂದ ಮೊಗ್ಗು ಉದುರತೊಡಗಿದವು. ಈಗ ಅವಳ ಕೈಗೆ ಚಹಾದ ಕಪ್ಪು ಕೊಡುವ ಹಾಗಿಲ್ಲ. "ಮೊಣಕೈನ ಮೊಣಕಾಲಿಗಿ ಒತ್ತಿಕೊಂಡು ಹೂವ ಕಟ್ಟತಿದ್ನಲ್ಲ, ಅದು ಯಾವಾಗಿಂದ ಶುರು ಆತೋ ನಂಗ ಗೊತ್ತಿಲ್ಲವ್ವ" ಎಂದು ಒಮ್ಮೆ ಹೇಳಿದ್ದಳು. ಬುಟ್ಟಿಯ ಮುಂದೆ ಹಾಗೆ ಕುಗ್ಗಿ ಕೂರುವುದು ಅವಳ ರೂಢಿ ಎಂದೇ ನಾವೆಲ್ಲ ತಿಳಿದಿದ್ದೆವು.

ಕಂಪ್ಯೂಟರು, ಪ್ಯಾಡು ಎರಡೂ ಮಗಳವು. ದಾವಣಗೆರೆಯ ಹಾಸ್ಟೆಲ್ಲಿಗೆ ಹೋಗುವಾಗ ಕೊಟ್ಟೂರಿನ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದಳು. ಡ್ಯೂಟಿ ಮುಗಿಸಿ ಬಂದು ಸಂಜೆ ಸ್ವಲ್ಪ ಹೊತ್ತು ಲಾರಿ ಓಡಿಸುವುದು ನನ್ನ ಸುಖ. ಅವಳಿಗೇ ಫೋನ್ ಮಾಡಿದೆ.

"ಮಮ್ಮಿ, ವೈರ್ ಕಿತ್ತು ಇನ್ನೊಂದು ಕಡಿ ಚುಚ್ಚು" ಎಂದಳು. ಚುಚ್ಚಿದೆ. "ಬ್ಯಾರೆ ಗೇಮ್‌ನಾಗ ನೋಡು." ಅಲ್ಲಿಯೂ ಕಾರು ಎಡಕ್ಕೇ ಹೋಯಿತು. ಆಮೇಲೆ ಅವಳು ಹೇಳಿದ ಹಾಗೆ ಸೆಟ್ಟಿಂಗ್ಸ್ ತೆಗೆದೆ. ಒಂದು ಚೌಕ, ಅದರೊಳಗೆ ಕೂಡಿಸುವ ಚಿಹ್ನೆ. ಕೋಲು ನಡುವೆ ನಿಂತರೆ ಚಿಹ್ನೆಯೂ ನಡುವೆ ನಿಲ್ಲಬೇಕಂತೆ. ಹೆಬ್ಬೆರಳಿಟ್ಟೆ. ಅದು ಎಡಕ್ಕೆ ಸರಿದು ಅಲ್ಲೇ ಪಟಪಟ ಅಲುಗುತ್ತಿತ್ತು.

"ಈಗ ಮುಟ್ಟಬ್ಯಾಡ ಮಮ್ಮಿ. ಪ್ಯಾಡ್ ಕೆಳಗಿಟ್ಟು ನೋಡು. ಆಗಲೂ ಸರಿದ್ರ ಪ್ಯಾಡ್ ಕೆಟ್ಟೈತಿ. ಇಲ್ಲಂದ್ರ ನಿನ್ನ ಕೈದ ತಪ್ಪು" ಎಂದು ನಕ್ಕಳು.

"ಆಮ್ಯಾಲೆ ನೋಡ್ತೀನಿ, ಒಲಿ ಮ್ಯಾಲೆ ಅನ್ನ ಐತಿ" ಎಂದು ಫೋನ್ ಇಟ್ಟೆ. ಅನ್ನವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಕೈ ಬಿಟ್ಟಾಗ ಆ ಚಿಹ್ನೆ ಗಪ್ಪನೆ ನಡುವೆ ಬಂದು ನಿಂತರೆ ನಾನೇನು ಮಾಡಲಿ? ಅಷ್ಟು ಧೈರ್ಯ ನನಗಿರಲಿಲ್ಲ.

ನಮ್ಮ ಮನೆಯವರು ಬೈಕ್ ಮೆಕ್ಯಾನಿಕ್. ಜಗತ್ತಿನಲ್ಲಿ ಏನೇ ಕೆಟ್ಟರೂ ಅವರ ಮೊದಲ ಮದ್ದು ಪೆಟ್ರೋಲು. ವಿಷಯ ಹೇಳಿದೆನೋ ಇಲ್ಲವೋ, ಪ್ಯಾಡ್ ಬಿಚ್ಚಿ, ಬಟ್ಟೆ ಅದ್ದಿ ತಿಕ್ಕತೊಡಗಿದರು. ಕೋಲಿನ ರಬ್ಬರು ಬೆಲ್ಲದ ಪಾಕದಂತೆ ಅಂಟಂಟಾಯಿತು.

"ಇದೇನು ಕಾರ್ಬೊರೇಟರ್ ಏನ್ರಿ?" ಎಂದು ಕೂಗಾಡಿದೆ.

"ಒಳಗ ಕಸ ಕುಂತಿರತೈತಿ, ಸುಮ್ಕಿರು." ಮತ್ತೆ ಜೋಡಿಸಿ ಕುರ್ಚಿಯಲ್ಲಿ ಕುಳಿತು ಅವರೇ ಓಡಿಸಿದರು. ಲಾರಿ ದಾರ ಹಿಡಿದ ಹಾಗೆ ನೆಟ್ಟಗೆ ಹೋಯಿತು. ಖುಷಿಯಿಂದ ಪ್ಯಾಡ್ ನನ್ನ ಕೈಗೆ ಕೊಟ್ಟರು. ನಾನು ಹಿಡಿದ ಕೂಡಲೇ ಮತ್ತೆ ಎಡಕ್ಕೆ, ತಗ್ಗಿಗೆ.

"ರೂಢಿ ಇಲ್ಲ ನಿನಗ" ಎಂದು, ನನ್ನ ಮುಖ ನೋಡದೆ ಹೊರಗೆ ಹೋದರು. ಅದಿನ್ನೂ ಕೆಟ್ಟ ಅಂಜಿಕೆ ಹುಟ್ಟಿಸಿತು. ರೂಢಿ ಇದ್ದವಳು ನಾನು, ಇಲ್ಲದವರು ಅವರು.

ಮರುದಿನ ಕಾನಹೊಸಹಳ್ಳಿ ಕಡೆಯ ಒಂದು ಕೂಸು ಬಂದಿತ್ತು, ಜ್ವರದಲ್ಲಿ ಬೇಯುತ್ತಿತ್ತು. ಕಿರುಬೆರಳನ್ನು ಕೂಸಿನ ತೋಳಿಗೆ ಊರಿ ಸೂಜಿ ಇಳಿಸಿದೆ. ಮೊದಲ ಸಲಕ್ಕೇ ಸಿಕ್ಕಿತು. "ಭಾಳ ಛಲೋ ಕೈ ಐತ್ರಿ ನಿಮ್ದು" ಎಂದಳು ತಾಯಿ. ಬೇರೆ ದಿನವಾದರೆ ಉಬ್ಬಿ ಹೋಗುತ್ತಿದ್ದೆ, ಅಂದು ಅಳು ಬಂತು. ಮನೆಗೆ ಮರಳುವಾಗ ಬಸ್ಸಿನಲ್ಲಿ ಕೈಯನ್ನು ತೊಡೆಯ ಮೇಲಿಟ್ಟು ನೋಡುತ್ತಲೇ ಕುಳಿತೆ. ಹಾಳಾದ ಬಸ್ಸೇ ಗಡಗಡ ನಡುಗುತ್ತಿತ್ತು, ಅದರಲ್ಲಿ ಕೈ ನಡುಗಿದರೆ ತಿಳಿಯುವುದಾದರೂ ಹೇಗೆ?

ಮನೆ ಮುಟ್ಟಿದ ಮೇಲೆ ಇನ್ನು ತಡೆಯಲಾಗಲಿಲ್ಲ. ಆಗಿದ್ದು ಆಗಲಿ ಎಂದು ಪ್ಯಾಡನ್ನು ಮಡಚಿದ ಟವೆಲ್ಲಿನ ಮೇಲೆ ಇಟ್ಟೆ. ಲಾರಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು, ಎರಡೂ ಕೈಗಳ ಮೇಲೆ ಕುಳಿತುಬಿಟ್ಟೆ. ಲಾರಿ ಉರುಳಿತು. ಸ್ವಲ್ಪ ದೂರ ನೆಟ್ಟಗೆ ಹೋಯಿತು. ಆಮೇಲೆ ಮೆಲ್ಲಗೆ, ಯಾರೂ ಮುಟ್ಟದೆ, ಎಡಕ್ಕೆ ತಿರುಗಿ ತಗ್ಗಿಗೆ ಬಿತ್ತು.

"ಬಿತ್ರೀ! ಲಾರಿ ಬಿತ್ರೀ!" ಎಂದು ಚೀರಿದೆ. ಮನೆಯವರು ಸೋಪಿನ ಕೈಯಲ್ಲೇ ಓಡಿ ಬಂದರು. ನಂಬದೆ, ಕೈ ಒರೆಸಿಕೊಂಡು ತಾವೇ ಪ್ಯಾಡ್ ಹಿಡಿದರು. ಅವರ ಕೈಯಲ್ಲಿ ಮತ್ತೆ ನೆಟ್ಟಗೆ! ಬಗ್ಗಿ ಅವರ ಹೆಬ್ಬೆರಳು ನೋಡಿದೆ. ಕೋಲನ್ನು ಬಲಕ್ಕೆ ಎಷ್ಟು ಒತ್ತಿ ಹಿಡಿದಿದ್ದರೆಂದರೆ ಉಗುರು ಬೆಳ್ಳಗಾಗಿತ್ತು.

"ಬಲಕ್ಕ ಒತ್ತಾಕ ಹತ್ತೀರಲ್ರೀ!"

ಅವರೂ ತಮ್ಮ ಬೆರಳನ್ನು ಬೆರಗಿನಿಂದ ನೋಡಿಕೊಂಡರು. "ನಂಗ ಗೊತ್ತ ಇಲ್ಲಲೇ. ದಿನಾ ಮುಂದಿನ ಗಾಲಿ ಫೋರ್ಕ್ ಬೆಂಡಾದ ಗಾಡಿ ಓಡಿಸಿ ನೋಡತೀನಲ್ಲ. ಎಳಿಯೋ ಗಾಡಿ ಸಿಕ್ರ ಕೈ ತಾನ ಎದುರು ಒತ್ತತೈತಿ. ನನ್ನ ಕೇಳಂಗಿಲ್ಲ ಅದು."

ಬಿದ್ದು ಬಿದ್ದು ನಕ್ಕೆ. ಆ ನಗು ಅರ್ಧಕ್ಕೇ ನಿಂತಿತು. ಕೈ ತಾನೇ ಒತ್ತುತ್ತದೆ, ಹಿಡಿದವರಿಗೂ ಗೊತ್ತಾಗುವುದಿಲ್ಲ. ನಡುಕ ತಡೆಯಲು ಮೊಣಕಾಲಿಗೆ ಒತ್ತಿದ ಅವ್ವನ ಮೊಣಕೈ ನೆನಪಾಯಿತು. ಕೂಸಿನ ತೋಳಿಗೆ ಊರಿದ ನನ್ನ ಕಿರುಬೆರಳು ನೆನಪಾಯಿತು. ಹಿಂದೆ ನಾನು ಏನನ್ನೂ ಊರದೆ ಚುಚ್ಚುತ್ತಿದ್ದೆ, ಹೊಸ ಹುಡುಗಿಯರಿಗೆ ಹಾಗೆ ತೋರಿಸಿ ಮೆರೆಯುತ್ತಿದ್ದೆ. ಆ ಬೆರಳು ಯಾವಾಗ ಕೆಳಗಿಳಿಯಿತು?

"ಏನ್ರಿ, ಕಾಡಗಿ ಹಚ್ಚಿಕೊಳ್ಳುವಾಗ ನಾ ಕಿರುಬೆಳ್ಳು ಗಲ್ಲಕ್ಕ ಊರತೀನೇನು?"

ಅವರು ಪ್ಯಾಡನ್ನು ಮೇಜಿನ ಮೇಲಿಟ್ಟರು.

"ಉಗಾದಿಯಿಂದ ನೋಡಾಕ ಹತ್ತೀನಿ" ಎಂದರು. "ಪ್ಯಾಡ್ ಕೆಟ್ಟಿರಲಿ ದೇವರೇ ಅನಕೋತನ ಬಿಚ್ಚಿದ್ದೆ. ನನ್ನ ಕೈಯಾಗ ನೆಟ್ಟಗ ಹೋಗಿ ನಿನ್ನ ಕೈಯಾಗ ಬಿದ್ದಾಗ ನನ್ನ ಜೀವಾನ ಹೋತು."

ಅವರು ಹೊರಗೆ ಎದ್ದು ಹೋದದ್ದು ಅದಕ್ಕೆ. ನಾನೊಬ್ಬಳೇ ಅಂಜಿದ್ದೇನೆ ಎಂದುಕೊಂಡಿದ್ದೆ.

"ದಾವಣಗೆರಿಗಿ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸೋಣು. ನಾಳೆನ ಹೋಗೋಣು. ಅಂಜಬ್ಯಾಡ" ಎನ್ನುತ್ತಾ ನನ್ನ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಸೋಪಿನ ವಾಸನೆ, ಅದರಡಿಯಲ್ಲಿ ಪೆಟ್ರೋಲಿನ ವಾಸನೆ. ಹಿಡಿದ ಮೂರು ಕೈಗಳೂ ನಡುಗುತ್ತಿದ್ದವು. ನಡುಕ ಯಾರದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.