ಯಾರೂ ಓದದ ಅಂತರಾವಲೋಕನ

ಆ ಹುಡುಗಿ ಈಗ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರ ಜೀವವನ್ನು ಕೊನೆಯವರೆಗೆ ಕೈಯಲ್ಲಿ ಹಿಡಿಸುವ ಕಲೆ ನನಗೆ ಬರುವುದಿಲ್ಲ. ಬಂದರೂ ಈ ವಿಷಯದಲ್ಲಿ ಅದಕ್ಕೆ ಮನಸ್ಸಿಲ್ಲ. ಆ ದಿನ ನಾನು ಪಟ್ಟ ಪಾಡೇ ಸಾಕು.

ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ನಾನು ಮನೋವಿಜ್ಞಾನ ಹೇಳಿಕೊಡುತ್ತೇನೆ. ಹುಟ್ಟಿದ್ದು ಗುಬ್ಬಿಯಲ್ಲಿ, ಈಗ ಇರುವುದು ಬಟವಾಡಿಯ ಬಾಡಿಗೆ ಮನೆಯಲ್ಲಿ. ಮನೋವಿಜ್ಞಾನದ ಮೇಡಂ ಎಂದು ಗೊತ್ತಾದರೆ ಆಟೋದಲ್ಲಿ ಪಕ್ಕ ಕೂತವರೂ ಬಿಡುವುದಿಲ್ಲ. ‘ಹಂಗಾದ್ರೆ ನನ್ ಮನಸಲ್ಲಿ ಏನೈತೆ ಹೇಳಿ ನೋಡಾಣ’ ಅನ್ನುತ್ತಾರೆ. ‘ಚಿಲ್ಲರೆ ಇಲ್ದಿದ್ರೆ ಡ್ರೈವರ್ ಬಯ್ತಾನೆ ಅಂತ ಯೋಚ್ನೆ ಮಾಡ್ತಿದ್ದೀರಿ’ ಅಂದು ಬಾಯಿ ಮುಚ್ಚಿಸುತ್ತೇನೆ. ನನ್ನದು ಸ್ವಲ್ಪ ಖಾರದ ನಾಲಿಗೆ. ಹುಡುಗಿಯರು ನನ್ನ ಬೆನ್ನ ಹಿಂದೆ ಏನು ಹೆಸರಿಟ್ಟಿದ್ದಾರೆ ಅನ್ನುವುದೂ ನನಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಪ್ರತಿ ವರ್ಷ ಮೊದಲ ಪಾಠ ಮನೋವಿಜ್ಞಾನದ ಇತಿಹಾಸ. ಪಂಥಗಳ ಕಥೆಯನ್ನು ಅಣ್ಣತಮ್ಮಂದಿರು ಪಾಲಾದ ಮನೆಯ ಕಥೆಯಂತೆ ಹೇಳಿದರೆ ನಮ್ಮ ಕಡೆಯ ಮಕ್ಕಳಿಗೆ ಬೇಗ ತಲೆಗೆ ಹೋಗುತ್ತದೆ. ಮನೆಯ ಹಿರಿಯರು ಜರ್ಮನಿಯಲ್ಲಿ ಮೊದಲ ಪ್ರಯೋಗಾಲಯ ತೆರೆದವರು. ಮನಸ್ಸಿನ ವಿಷಯ ತಿಳಿಯಬೇಕಾದರೆ ಆ ಮನಸ್ಸಿನ ಯಜಮಾನನನ್ನೇ ಕೇಳಬೇಕು ಅಂದರು. ಒಂದು ಸದ್ದು ಕೇಳಿಸುವುದು, ಒಂದು ಬಣ್ಣ ತೋರಿಸುವುದು, ‘ಈಗ ನಿನ್ನ ಒಳಗೆ ಏನಾಯಿತು, ಹೇಳು’ ಎಂದು ಬರೆದುಕೊಳ್ಳುವುದು. ಅಂತರಾವಲೋಕನ ಅಂದರೆ ಅಷ್ಟೇ. ಅದನ್ನೇ ಹಿಡಿದುಕೊಂಡು ರಚನಾವಾದದವರು ಮನಸ್ಸಿನಲ್ಲಿ ಏನೇನು ಬೆರೆತಿದೆ ಎಂದು ಪಟ್ಟಿ ಮಾಡಲು ಹೊರಟರು. ಪಟ್ಟಿಯಿಂದ ಏನು ಉಪಯೋಗ, ಅದು ಏನು ಕೆಲಸ ಮಾಡುತ್ತದೆ ಹೇಳಿ ಅಂದವರು ಅಮೆರಿಕದ ಕಾರ್ಯವಾದಿಗಳು. ವಿಯೆನ್ನಾದ ಕಡೆಯಿಂದ ಬಂದ ಮನೋವಿಶ್ಲೇಷಣೆಯವರಂತೂ ಯಜಮಾನನನ್ನೇ ನಂಬಲಿಲ್ಲ. ಅವನಿಗೇ ಗೊತ್ತಿಲ್ಲದ್ದು ನೆಲಮಾಳಿಗೆಯಲ್ಲಿ ಅವಿತಿದೆ ಅಂದರು.

ಆಮೇಲೆ ಬಂದವರು ವರ್ತನಾವಾದಿಗಳು. ಒಳಗಿನದೆಲ್ಲ ಕಂತೆಪುರಾಣ, ಕಣ್ಣಿಗೆ ಕಾಣುವ ನಡವಳಿಕೆಯೊಂದೇ ವಿಜ್ಞಾನ ಎಂದು ಒಳಕೋಣೆಗೆ ಬೀಗ ಜಡಿದರು. ಇಲ್ಲಿಗೆ ಬಂದಾಗ ನನ್ನ ದನಿ ತಾನಾಗಿ ಏರುತ್ತಿತ್ತು. ನಾನು ಆ ಪಾರ್ಟಿ. ‘ನೀನು ಓದ್ತೀನಿ ಓದ್ತೀನಿ ಅಂತ ಮನಸ್ನಲ್ಲಿ ಅಂದ್ಕೊಂಡ್ರೆ ನನಗೇನು? ಪುಸ್ತಕ ತೆಗೆದದ್ದು ಕಾಣ್ಬೇಕು’ ಎಂದು ತರಗತಿಯಲ್ಲಿ ಮೇಜು ಕುಟ್ಟುತ್ತಿದ್ದೆ. ಬಿಡಿ ನೋಡಿದರೆ ಇಡಿ ಸಿಗುವುದಿಲ್ಲ ಅನ್ನುವ ಗೆಸ್ಟಾಲ್ಟ್‌ನವರು, ಇಲಿ ನಾಯಿ ಎಲ್ಲ ಆಯಿತು ಮನುಷ್ಯ ಎಲ್ಲಿ ಎಂದು ಕೇಳಿದ ಮಾನವತಾವಾದಿಗಳು, ಜಡಿದ ಬೀಗ ಮತ್ತೆ ತೆಗೆದ ಸಂಜ್ಞಾನವಾದಿಗಳು, ಇವರನ್ನೆಲ್ಲ ಉಳಿದ ಎರಡು ಪೀರಿಯಡ್‌ನಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದೆ.

ಆದರೆ ಆ ಹಿರಿಯರ ಒಂದು ವಸ್ತು ಎಷ್ಟು ಪಾಲಾದರೂ ಮನೆ ಬಿಟ್ಟು ಹೋಗಿಲ್ಲ. ಪ್ರಾಯೋಗಿಕ ತರಗತಿಯ ರೆಕಾರ್ಡ್ ಪುಸ್ತಕದಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಲ್ಲ ಆದಮೇಲೆ ‘ಅಂತರಾವಲೋಕನ ವರದಿ’ ಎಂಬ ಶೀರ್ಷಿಕೆ ಇರಲೇಬೇಕು. ಪ್ರಯೋಗಕ್ಕೆ ಕೂತವರು ಆ ಹೊತ್ತಿನಲ್ಲಿ ತಮಗೆ ಏನನ್ನಿಸಿತು ಎಂದು ನಾಲ್ಕು ಸಾಲು ಬರೆಯಬೇಕು. ಬರೆಯುವುದು ಯಾರು? ಹಿಂದಿನ ವರ್ಷದ ಅಕ್ಕಂದಿರ ರೆಕಾರ್ಡ್ ನೋಡಿ ಇಳಿಸುವುದು. ಅವರು ತಮ್ಮ ಅಕ್ಕಂದಿರದ್ದು ನೋಡಿ ಇಳಿಸಿರುತ್ತಾರೆ. ‘ಮೊದಲು ಗೊಂದಲವಾಯಿತು. ಅಭ್ಯಾಸವಾದಂತೆ ಸುಲಭವೆನಿಸಿತು. ಪ್ರಯೋಗವು ನನಗೆ ಸಂತೋಷ ನೀಡಿತು.’ ನಾನು ಓದುವಾಗಲೂ ಇದನ್ನೇ ಬರೆದಿದ್ದೆ. ನಮ್ಮ ಜಿಲ್ಲೆಯಲ್ಲಿ ಮನೋವಿಜ್ಞಾನ ಓದಿದ ಅಷ್ಟೂ ಜನಕ್ಕೆ ಒಂದೇ ಥರದ ಸಂತೋಷವಾಗಿದೆ.

ಹಾಗಾಗಿ ಆ ನಾಲ್ಕು ಸಾಲನ್ನು ನಾನು ಓದುತ್ತಿರಲಿಲ್ಲ. ನಲವತ್ತು ರೆಕಾರ್ಡ್ ಸ್ಟಾಫ್ ರೂಮಿನ ಮೇಜಿನ ಮೇಲೆ ಬಂದು ಬಿದ್ದರೆ ಫಲಿತಾಂಶದ ಕೋಷ್ಟಕ ನೋಡುವುದು, ಗ್ರಾಫ್ ನೋಡುವುದು, ಕೊನೆಗೆ ಕೆಂಪು ಪೆನ್ನಿನಲ್ಲಿ ಒಂದು ರೈಟು, ಸಹಿ. ಅಕ್ಷರ ಚೆನ್ನಾಗಿದ್ದರೆ ಪಕ್ಕದಲ್ಲಿ ‘ಗುಡ್’. ಓದದೆ ಇರುವುದಕ್ಕೆ ನನ್ನ ಬಳಿ ಸಿದ್ಧಾಂತವೂ ಇತ್ತಲ್ಲ, ಇನ್ನೇನು ಬೇಕು.

ಯಡಿಯೂರಿನ ಹತ್ತಿರದ ಹಳ್ಳಿಯಿಂದ ಒಬ್ಬಳು ಹುಡುಗಿ ನಮ್ಮ ಕಾಲೇಜಿಗೆ ಬರುತ್ತಿದ್ದಳು. ಕುಣಿಗಲ್‌ಗೆ ಬಂದು ಬಸ್ಸು ಬದಲಿಸಿ ಬಂದರೂ ಒಂದು ದಿನ ತಡವಾದವಳಲ್ಲ. ಮುಂದಿನ ಬೆಂಚು, ಮುತ್ತಿನಂಥ ಅಕ್ಷರ, ಕೇಳಿದ್ದಕ್ಕೆ ಉತ್ತರ, ನಗುಮುಖ. ನಡವಳಿಕೆ ನೋಡಿ ಮನುಷ್ಯರನ್ನು ಅಳೆಯುವ ನನ್ನಂಥವಳಿಗೆ ಅವಳಲ್ಲಿ ಹುಡುಕಿದರೂ ಒಂದು ಕೊರತೆ ಸಿಗುತ್ತಿರಲಿಲ್ಲ. ಅವಳ ಪ್ರಯೋಗದ ಜೋಡಿ ಮಾತ್ರ ತದ್ವಿರುದ್ಧ. ಅವಳು ಗುಬ್ಬಿಯವಳು, ನಮ್ಮೂರ ಹುಡುಗಿ. ದಿನಾ ರೈಲಿನಲ್ಲಿ ಓಡಾಟ, ದಿನಾ ಒಂದು ನೆಪ, ರೆಕಾರ್ಡ್ ಕೊಡುವುದು ಎಲ್ಲರಿಗಿಂತ ಕೊನೆಗೆ. ಅದೂ ನಾನು ಸಹಿ ಹಾಕಿ ವಾಪಸ್ ಕೊಟ್ಟ ಗೆಳತಿಯ ರೆಕಾರ್ಡ್ ನೋಡಿ ಅಕ್ಷರಕ್ಕೆ ಅಕ್ಷರ ಇಳಿಸಿದ್ದು. ‘ಕಾಪಿ ಹೊಡೆಯೋಕೂ ಸೋಮಾರಿತನ ಕಣೇ ನಿಂಗೆ’ ಎಂದು ನಾನು ಅವಳನ್ನು ಎಲ್ಲರ ಮುಂದೆ ಬೈದದ್ದು ಲೆಕ್ಕವಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಬೇರೆ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ಇನ್ನೇನು ನಿವೃತ್ತಿಯಾಗುವ ವಯಸ್ಸು, ಮಾತು ಕಡಿಮೆ. ಯಡಿಯೂರಿನ ಹುಡುಗಿಯ ನಂಬರ್ ಕೂಗಿದಾಗ ಯಾರೂ ಎದ್ದು ನಿಲ್ಲಲಿಲ್ಲ. ಬಸ್ಸು ತಪ್ಪಿರಬೇಕು ಅಂದುಕೊಂಡೆ. ಉಳಿದವರು ಪ್ರಯೋಗಕ್ಕೆ ಕೂತರು. ಪರೀಕ್ಷಕರು ಹೊತ್ತು ಕಳೆಯಲು, ಹುಡುಗಿಯರಿಂದ ಮೂರು ವಾರ ಮೊದಲೇ ತರಿಸಿ ಮೇಜಿನ ಮೇಲಿಟ್ಟಿದ್ದ ರೆಕಾರ್ಡ್‌ಗಳನ್ನು ಒಂದೊಂದಾಗಿ ತೆಗೆದು ಓದತೊಡಗಿದರು. ನಿಜವಾಗಿಯೂ ಓದುತ್ತಿದ್ದರು. ಎಂಥ ವಿಚಿತ್ರ ಮನುಷ್ಯ ಎಂದು ನನಗೆ ಒಳಗೇ ನಗು.

ಸ್ವಲ್ಪ ಹೊತ್ತಿಗೆ ಒಂದು ರೆಕಾರ್ಡನ್ನು ತೆರೆದಂತೆಯೇ ನನ್ನ ಕಡೆ ತಿರುಗಿಸಿ, ಒಂದು ಕಡೆ ಬೆರಳಿಟ್ಟರು. ‘ಮೇಡಂ, ಈ ಹುಡುಗಿ ಇವತ್ತು ಬಂದಿದ್ದಾಳಾ?’ ಅಂದರು.

ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಪ್ರಯೋಗ ಅದು. ಅಂತರಾವಲೋಕನ ವರದಿಯ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಹೀಗಿತ್ತು: ‘ಪ್ರಯೋಗ ಮಾಡುವಾಗ ನನಗೆ ಏನೂ ಅನ್ನಿಸಲಿಲ್ಲ. ಪ್ರಯೋಗದಲ್ಲಿ ಮಾತ್ರವಲ್ಲ, ಬಹಳ ದಿನದಿಂದ ಯಾವುದರಲ್ಲೂ ಏನೂ ಅನ್ನಿಸುತ್ತಿಲ್ಲ. ಉಂಡರೆ ರುಚಿ ಗೊತ್ತಾಗುವುದಿಲ್ಲ. ಎಲ್ಲರ ಜೊತೆ ನಗುತ್ತೇನೆ, ನಗುತ್ತಿರುವುದು ನಾನಲ್ಲ. ಹೀಗೇ ಇರುವುದಾದರೆ ಯಾಕೆ ಇರಬೇಕು ಎಂದು ದಿನಾ ಅನ್ನಿಸುತ್ತದೆ.’

ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನನ್ನ ರೈಟು, ನನ್ನ ಸಹಿ. ‘ಗುಡ್’ ಎಂದು ಬರೆದಿದ್ದೆ.

ಸಹಿಯ ಕೆಳಗಿನ ತಾರೀಖು ಎರಡು ತಿಂಗಳ ಹಿಂದಿನದು. ಒಂದೂವರೆ ತಿಂಗಳು ಆ ಹುಡುಗಿ ಮುಂದಿನ ಬೆಂಚಿನಲ್ಲಿ ಕೂತು ನನ್ನ ಮುಖ ನೋಡಿದ್ದಾಳೆ, ಕೊನೆಯ ಎರಡು ವಾರ ತರಗತಿಗೇ ಬಂದಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಚಕ್ಕರ್ ಹೊಡೆಯುತ್ತಾರೆಂದು ನಾನು ಕೇಳಲೂ ಇಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಾನಿಯಲ್ಲಿ ಬಿತ್ತಂತೆ. ಈ ಗಾದೆಯನ್ನು ಇನ್ನೊಬ್ಬರ ಮೇಲೆ ಎಷ್ಟು ಸಲ ಎಸೆದಿದ್ದೇನೋ. ರಿಜಿಸ್ಟರ್ ತಂದು ಅವಳ ಮನೆಯ ನಂಬರಿಗೆ ಫೋನ್ ಮಾಡಿದೆ. ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತು. ಮತ್ತೆ ಮಾಡಿದೆ, ಮತ್ತೆ ಅದೇ. ಅಷ್ಟರಲ್ಲಿ ನನ್ನ ತಲೆಯಲ್ಲಿ ಏನೇನು ಬಂದು ಹೋಯಿತು ಎಂಬುದನ್ನು ಬರೆಯಲು ಈಗಲೂ ಧೈರ್ಯವಿಲ್ಲ.

ಜೋಡಿಯ ನೆನಪಾಯಿತು. ಗುಬ್ಬಿಯವಳ ರೆಕಾರ್ಡ್ ಎಳೆದು ಅದೇ ಪ್ರಯೋಗದ ಪುಟ ತೆರೆದೆ. ಅಲ್ಲೂ ಅದೇ ಸಾಲುಗಳು! ‘ಪ್ರಯೋಗ ಮಾಡುವಾಗ ನನಗೆ ಏನೂ ಅನ್ನಿಸಲಿಲ್ಲ. ಪ್ರಯೋಗದಲ್ಲಿ ಮಾತ್ರವಲ್ಲ, ಬಹಳ ದಿನದಿಂದ ಯಾವುದರಲ್ಲೂ’ ಎಂಬಲ್ಲಿಗೆ ಬರಹ ನಿಂತಿತ್ತು. ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಎಂದಿನ ಸಂತೋಷವನ್ನು ಬರೆದಿದ್ದಳು. ಅದಕ್ಕೂ ನಾನು ರೈಟು ಹಾಕಿದ್ದೆ. ಹೊಡೆದುಹಾಕಿದ್ದು ಏನೆಂದು ಕೂಡ ನೋಡಿರಲಿಲ್ಲ.

ಪರೀಕ್ಷೆಗೆ ಕೂತವರನ್ನು ಮಧ್ಯೆ ಎಬ್ಬಿಸುವಂತಿಲ್ಲ. ನಾನು ಪರೀಕ್ಷಕರ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು. ಆ ಪುಣ್ಯಾತ್ಮನಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಗುಬ್ಬಿಯವಳನ್ನು ವರಾಂಡಕ್ಕೆ ಕರೆದು ರೆಕಾರ್ಡ್ ತೋರಿಸಿದೆ. ಅವಳ ಮುಖ ಬಿಳಿಚಿಕೊಂಡಿತು.

‘ಇನ್ಮೇಲೆ ಕಾಪಿ ಮಾಡಲ್ಲ ಮೇಡಂ, ಇದೊಂದ್ಸಲ...’

‘ಕಾಪಿ ಮನೆ ಹಾಳಾಗ್ಲಿ ಬುಡೇ! ಅವ್ಳೆಲ್ಲಿ?’ ನನ್ನ ದನಿಗೆ ನಾನೇ ಹೆದರಿದೆ.

‘ಊರಲ್ಲವ್ಳೆ ಮೇಡಂ. ಪರವಾಗಿಲ್ಲ, ಚೆನ್ನಾಗವ್ಳೆ. ಬೆಳಗ್ಗೆ ಫೋನ್ ಮಾಡಿ ನಂಗೆ ಆಲ್ ದಿ ಬೆಸ್ಟ್ ಹೇಳಿದ್ಲು.’

ಹೋದ ಜೀವ ಬಂತು. ವರಾಂಡದ ಕಟ್ಟೆಯ ಮೇಲೆ ಕೂತೆ. ಆ ಹುಡುಗಿ ನನ್ನ ವಾಟರ್ ಬಾಟಲ್ ತರಲು ಓಡಿದಳು. ನೀರು ಕುಡಿದ ಮೇಲೆ ಅವಳು ಹೇಳಿದ್ದು ಇಷ್ಟು.

‘ರೈಲಲ್ಲಿ ಬರ್ಕೊಂತಿದ್ದೆ ಮೇಡಂ. ನಾನು ಕಾಪಿ ಮಾಡೋವಾಗ ಓದಲ್ಲ, ಸುಮ್ನೆ ಕೈ ಓಡುಸ್ತೀನಿ. ಅವತ್ತೂ ಹಂಗೇ. ಬಹಳ ದಿನದಿಂದ ಯಾವುದರಲ್ಲೂ ಅಂತ ಬರ್ದ ಮೇಲೆ, ಇದೇನು ಬೇರೆ ಥರ ಐತಲ್ಲ ಅಂತ ಪೂರ್ತಿ ಓದ್ದೆ. ಗುಬ್ಬಿ ಬಂದಿದ್ದೇ ಗೊತ್ತಾಗ್ಲಿಲ್ಲ, ನಿಟ್ಟೂರಲ್ಲಿ ಇಳಿದೆ. ಅಲ್ಲಿಂದ್ಲೇ ಅವ್ಳಿಗೆ ಫೋನ್ ಮಾಡ್ದೆ. ನಾನೂ ಅತ್ತೆ, ಅವ್ಳೂ ಅತ್ಲು.’

ಮಾರನೆಯ ದಿನ ಇಬ್ಬರೂ ಕ್ಲಾಸು ತಪ್ಪಿಸಿ ಆಸ್ಪತ್ರೆಗೆ ಹೋಗಿದ್ದರು. ಮೊದಲನೆಯ ಸಲ ಬಾಗಿಲವರೆಗೆ ಹೋಗಿ ಹೆದರಿ ವಾಪಸ್ಸು ಬಂದರಂತೆ. ಎರಡನೆಯ ಸಲ ಯಡಿಯೂರಿನ ಹುಡುಗಿಯ ತಾಯಿಗೆ ಹೇಳಿ ಜೊತೆಗೆ ಕರೆದುಕೊಂಡು ಹೋದರು. ಡಾಕ್ಟರು ಇದು ಕಾಯಿಲೆ, ವಾಸಿಯಾಗುತ್ತದೆ ಎಂದು ಹೇಳಿ ಮಾತ್ರೆ ಕೊಟ್ಟರು. ವಾರಕ್ಕೊಂದು ಸಲ ಕೂರಿಸಿಕೊಂಡು ಮಾತಾಡಿಸುತ್ತಿದ್ದಾರೆ. ಸ್ವಲ್ಪ ದಿನ ಓಡಾಟ ಬೇಡ, ಪರೀಕ್ಷೆ ಮುಂದಿನ ಸಲ ಬರೆದರಾಯಿತು ಅಂದಿದ್ದಾರೆ.

‘ನಂಗ್ಯಾಕೆ ಹೇಳ್ಲಿಲ್ಲ?’

ಅವಳು ತಲೆ ತಗ್ಗಿಸಿದಳು. ‘ಹೇಳಾಣ ಅಂದ್ಕೊಂಡೆ ಮೇಡಂ. ನೀವು ಗುಡ್ ಅಂತ ಬರ್ದಿದ್ರಿ.’

ಇಷ್ಟು ವರ್ಷ ಆ ನಾಲ್ಕು ಸಾಲನ್ನು ಕಾಪಿ ಮಾಡುತ್ತಾರೆಂದು ಹುಡುಗಿಯರನ್ನು ಹೀಯಾಳಿಸುತ್ತಿದ್ದವಳು ನಾನು. ಸಂಬಳ ತೆಗೆದುಕೊಂಡ ನಾನು ಓದಲಿಲ್ಲ, ಕಾಪಿ ಹೊಡೆದವಳು ಓದಿದಳು. ‘ಹೋಗು, ಪ್ರಯೋಗ ಮುಗ್ಸು. ಚೆನ್ನಾಗಿ ಮಾಡು’ ಅಂದೆ. ಅವಳು ಮಾಡಿದ್ದು ಅಷ್ಟೇನೂ ಚೆನ್ನಾಗಿರಲಿಲ್ಲ. ಗ್ರಾಫ್ ಉಲ್ಟಾ ಹಾಕಿದ್ದಳು.

ಆ ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದರೂ ಒಂದು ಒಳ್ಳೆಯ ವಾಕ್ಯ ಕೂಡಿಬರಲಿಲ್ಲ. ಬೀಗ ಜಡಿದವರ ಕಡೆಗೆ ನಿಂತು ಮೇಜು ಕುಟ್ಟಿದ್ದೆಲ್ಲ ನೆನಪಾಗಿ ನಾಚಿಕೆಯಾಗುತ್ತಿತ್ತು. ಅಂತರಾವಲೋಕನವನ್ನು ನಂಬಲಾಗದು ಅಂದದ್ದು ವಿಜ್ಞಾನದ ಮಾತು ಇರಬಹುದು. ಕೇಳಿಸಿಕೊಳ್ಳಲೇ ಬೇಡಿ ಎಂದು ಅದಕ್ಕೆ ಅರ್ಥ ಹಚ್ಚಿದ್ದು ನನ್ನ ಸೋಮಾರಿತನ. ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ ಯಡಿಯೂರಿನಲ್ಲಿ ಇಳಿದು, ಹಳ್ಳಿಯ ದಾರಿ ಕೇಳಿಕೊಂಡು ಅವರ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು.

ಹುಡುಗಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ತೆಳ್ಳಗಾಗಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಆದರೆ ಆ ತರಗತಿಯ ನಗು ಮುಖದ ಮೇಲೆ ಬರಲಿಲ್ಲ. ಬಾರದಿದ್ದದ್ದೇ ನನಗೆ ನೆಮ್ಮದಿಯಾಯಿತು. ಅವಳ ತಾಯಿ ಚಾಪೆ ಹಾಸಿದರು. ‘ಕುಂತ್ಕಳಿ ಮೇಡಮ್ಮೋರೆ. ಈಗ ವಾಸಿ, ಎಲ್ಡು ಮುದ್ದೆ ಉಣ್ತವ್ಳೆ. ಮೊದ್ಲು ತಟ್ಟೆ ಮುಂದೆ ಕುಂತ್ಕಂಡು ಗ್ವಾಡೆ ನೋಡೋಳು’ ಎಂದು ಹೇಳಿ ಕಾಫಿ ಮಾಡಲು ಒಳಗೆ ಹೋದರು.

ನಾನೂ ಮೊರದ ಪಕ್ಕ ಕೂತು ಒಂದು ಹಿಡಿ ಅವರೆಕಾಯಿ ತೆಗೆದುಕೊಂಡೆ. ‘ನೀನು ಬರ್ದಿದ್ದನ್ನ ನಾನು ಓದಿರ್ಲಿಲ್ಲ ಕಣಮ್ಮ’ ಅಂದೆ. ‘ಓದ್ದೇನೇ ಗುಡ್ ಅಂತ ಬರ್ದೆ. ತಪ್ಪಾಯ್ತು.’

‘ನೀವು ಓದಲ್ಲ ಅಂತ ನಮಗೆಲ್ಲ ಗೊತ್ತು ಮೇಡಂ. ಗೊತ್ತಿದ್ದಕ್ಕೇ ಅಲ್ಲಿ ಬರ್ದೆ. ಎಲ್ಲಾದ್ರೂ ಒಂದ್ಕಡೆ ಬರೀಬೇಕಿತ್ತು.’ ಅವಳು ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. ‘ಆದ್ರೂ ರೆಕಾರ್ಡ್ ವಾಪಸ್ ಕೊಟ್ಟಾಗ ಬಸ್ಸಲ್ಲಿ ಕೂತು ಮೊದ್ಲು ಆ ಪುಟನೇ ತೆಗೆದು ನೋಡ್ದೆ.’

ನನಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ.

‘ಈಗ ಹೇಗನ್ನಿಸುತ್ತೆ ನಿಂಗೆ?’ ಎಂದು ಕೇಳಿದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ಉತ್ತರ ಬೇಕೆಂದು ಕೇಳಿದ್ದು ಅದೇ ಮೊದಲು.

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ, ಸರಿಯಾದ ಉತ್ತರ ಕೊಡಬೇಕೆನ್ನುವವಳಂತೆ ನಿಧಾನವಾಗಿ ಯೋಚಿಸಿದಳು.

‘ನಿಮ್ಮನ್ನ ನೋಡಿದ್ರೆ ಕೋಪ ಬರ್ತೈತೆ ಮೇಡಂ’ ಅಂದಳು. ‘ತುಂಬಾ ಬರ್ತೈತೆ.’

ಏನೂ ಅನ್ನಿಸುತ್ತಿಲ್ಲ ಎಂದು ಬರೆದಿದ್ದ ಹುಡುಗಿ. ಅವಳ ಕೆನ್ನೆ ಕೆಂಪಾಗಿತ್ತು, ತುಟಿ ಅದುರುತ್ತಿತ್ತು. ಒಬ್ಬರ ಕೋಪ ನನಗೆ ಅಷ್ಟು ಸಂತೋಷ ಕೊಟ್ಟದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

‘ಬರ್ಲಿ ಕಣೇ’ ಅಂದೆ. ‘ಚೆನ್ನಾಗಿ ಬರ್ಲಿ.’